ಅಚಲೆಯ ಚಲನೆ: ವಿಶ್ವವಿದ್ಯಾಲಯದ ಉಪನ್ಯಾಸಗಳಲ್ಲಿ ಭೂವಿಜ್ಞಾನ

ಅಮರಕೋಶವು ಭೂಮಿಗೆ ಹೇಳುವ ಪರ್ಯಾಯ ನಾಮಗಳಲ್ಲಿ ‘ಅಚಲಾ’, ‘ಸ್ಥಿರಾ’ ಎಂಬ ಎರಡು ಹೆಸರುಗಳಿವೆ. ಅಚಲೆ ಎಂದರೆ ಚಲಿಸದವಳು. ಸ್ಥಿರೆ ಎಂದರೆ ನೆಲೆನಿಂತವಳು. ನದಿ ಹರಿಯುತ್ತದೆ, ಗಾಳಿ ಬೀಸುತ್ತದೆ, ಕಡಲು ಉಕ್ಕಿ ಇಳಿಯುತ್ತದೆ. ಈ ಎಲ್ಲ ಚಲನೆಗೂ ಆಧಾರವಾದ ನೆಲವೊಂದು ಮಾತ್ರ ಅಲುಗದೆ ನಿಂತಿದೆ ಎಂಬ ಲೋಕಾನುಭವವೇ ಈ ಹೆಸರುಗಳಿಗೆ ಮೂಲ. ಇದು ಕೇವಲ ಪ್ರಾಚೀನರ ಭಾವನೆಯೆಂದು ತಿಳಿಯಬೇಕಾಗಿಲ್ಲ. ಇಪ್ಪತ್ತನೆಯ ಶತಮಾನದ ನಡುಗಾಲದವರೆಗೆ ಪಾಶ್ಚಾತ್ಯ ಭೂವಿಜ್ಞಾನಿಗಳಲ್ಲಿ ಬಹುಮಂದಿಯ ನಂಬಿಕೆಯೂ ಇದೇ ಆಗಿತ್ತು. ಭೂಗೋಲವು ಸೂರ್ಯನನ್ನು ಸುತ್ತುತ್ತದೆಂಬುದನ್ನು ಅವರು ಒಪ್ಪಿದ್ದರು. ಆದರೆ ಅದರ ಮೇಲಿನ ಖಂಡಗಳು ತಮ್ಮ ಸ್ಥಾನವನ್ನು ಬಿಟ್ಟು ಕದಲುತ್ತವೆ ಎಂಬುದನ್ನು ಒಪ್ಪಿರಲಿಲ್ಲ. ಆ ನಂಬಿಕೆ ಬದಲಾದ ಬಗೆಯನ್ನು ವಿಚಾರಿಸಿದರೆ, ಆ ಕಥೆಯ ತಿರುವುಗಳು ಗ್ರಂಥಗಳಲ್ಲಿ ಎಷ್ಟೋ ಅಷ್ಟೇ ಉಪನ್ಯಾಸ ಮಂದಿರಗಳಲ್ಲಿಯೂ ಸಂಭವಿಸಿದುದು ಕಾಣುತ್ತದೆ.

ಇಂದು ಯಾವುದೇ ದೊಡ್ಡ ವಿಶ್ವವಿದ್ಯಾಲಯದ ಭೂವಿಜ್ಞಾನ ಅಥವಾ ಭೂಗೋಳಶಾಸ್ತ್ರ ವಿಭಾಗದಲ್ಲಿ ಸಂಶೋಧನೋಪನ್ಯಾಸಗಳ ಪಟ್ಟಿಯೊಂದು ಇದ್ದೇ ಇರುತ್ತದೆ. ಹಿಮನದಿಗಳು ಕರಗುವ ವೇಗ, ಅಂತರ್ಜಲದ ಇಳಿತ, ಬೆಟ್ಟಗಳ ಕುಸಿತ, ಭೂಕಂಪದ ಮುನ್ನೆಲೆಗಳು - ಹೀಗೆ ವಾರವಾರವೂ ಒಂದೊಂದು ವಿಷಯ. ಇದು ತರಗತಿಯ ಪಾಠವಲ್ಲ. ಪಾಠದಲ್ಲಿ ಸಿದ್ಧವಾದ ಜ್ಞಾನವನ್ನು ಹಂಚಲಾಗುತ್ತದೆ. ಇಲ್ಲಿ ಸಿದ್ಧವಾಗುತ್ತಿರುವ ಜ್ಞಾನವನ್ನು ಪರೀಕ್ಷೆಗೆ ಒಡ್ಡಲಾಗುತ್ತದೆ. ವಿದ್ವಾಂಸರೊಬ್ಬರು ತಾವು ಕಂಡದ್ದನ್ನು ಹೇಳುತ್ತಾರೆ, ಕೇಳಿದವರು ಪ್ರಶ್ನಿಸುತ್ತಾರೆ. ನಮ್ಮ ಶಾಸ್ತ್ರಪರಂಪರೆಯ ಪರಿಭಾಷೆಯಲ್ಲಿ ಹೇಳುವುದಾದರೆ ಪೂರ್ವಪಕ್ಷವು ಎದುರಿಗೇ ಕುಳಿತಿರುತ್ತದೆ. ಪೂರ್ವಪಕ್ಷಕ್ಕೆ ಸಮಾಧಾನ ಹೇಳದೆ ಸಿದ್ಧಾಂತವು ನಿಲ್ಲಲಾರದು. ಈ ಪದ್ಧತಿಯ ಬಲವೇನು, ದೌರ್ಬಲ್ಯವೇನು ಎಂಬುದನ್ನು ತಿಳಿಯಲು ಖಂಡಚಲನೆಯ ವಾದಕ್ಕಿಂತ ಉತ್ತಮವಾದ ನಿದರ್ಶನ ದೊರೆಯದು.

ಜರ್ಮನಿಯ ಮಾರ್ಬುರ್ಗ್ ವಿಶ್ವವಿದ್ಯಾಲಯದಲ್ಲಿ ಆಲ್‌ಫ್ರೆಡ್ ವೆಗೆನರ್ ಎಂಬ ತರುಣ ಅಧ್ಯಾಪಕರಿದ್ದರು. ಅವರು ಭೂವಿಜ್ಞಾನಿಯಲ್ಲ, ಖಗೋಳಶಾಸ್ತ್ರದಲ್ಲಿ ಪದವಿ ಪಡೆದು ಹವಾಮಾನಶಾಸ್ತ್ರವನ್ನು ಬೋಧಿಸುತ್ತಿದ್ದವರು. ೧೯೧೨ರ ಜನವರಿ ೬ರಂದು ಅವರು ಫ್ರಾಂಕ್‌ಫರ್ಟ್ ನಗರದಲ್ಲಿ ಭೂವಿಜ್ಞಾನಿಗಳ ಸಭೆಯೊಂದರ ಮುಂದೆ ಮಾತನಾಡಿದರು. ನಾಲ್ಕು ದಿನಗಳ ಬಳಿಕ, ಜನವರಿ ೧೦ರಂದು, ಅದೇ ವಿಚಾರವನ್ನು ಮಾರ್ಬುರ್ಗಿನ ವಿದ್ವತ್ಸಭೆಯಲ್ಲಿ ಮಂಡಿಸಿದರು. ಇಂದು ಬೇರೆಬೇರೆಯಾಗಿರುವ ಖಂಡಗಳು ಒಂದು ಕಾಲದಲ್ಲಿ ಒಂದೇ ಭೂಭಾಗವಾಗಿದ್ದು, ಅನಂತರ ಬಿರಿದು ದೂರ ಸರಿದಿವೆ ಎಂಬುದು ಅವರ ಪ್ರತಿಪಾದನೆ. ೧೯೧೫ರಲ್ಲಿ ಅದು ಗ್ರಂಥರೂಪವನ್ನು ತಾಳಿತು.

ವೆಗೆನರ್ ಮುಂದಿಟ್ಟ ಪ್ರಮಾಣಗಳು ಸಾಮಾನ್ಯವಾದುವಲ್ಲ. ಆಫ್ರಿಕದ ಪಶ್ಚಿಮ ಕರಾವಳಿಯೂ ದಕ್ಷಿಣ ಅಮೆರಿಕದ ಪೂರ್ವ ಕರಾವಳಿಯೂ ಹರಿದ ಓಲೆಯ ಎರಡು ತುಂಡುಗಳಂತೆ ಒಂದಕ್ಕೊಂದು ಹೊಂದುತ್ತವೆ. ಓಲೆಯ ಅಂಚು ಹೊಂದಿದರೆ ಸಾಲದು, ಮೇಲಿನ ಬರಹದ ಸಾಲುಗಳೂ ಹೊಂದಬೇಕಷ್ಟೆ. ಇಲ್ಲಿ ಅವೂ ಹೊಂದುತ್ತಿದ್ದುವು. ಮೆಸೊಸಾರಸ್ ಎಂಬ ಸಣ್ಣ ಜಲಚರ ಸರೀಸೃಪದ ಪಳೆಯುಳಿಕೆಗಳು ಬ್ರೆಜಿಲ್‌ನಲ್ಲಿಯೂ ದಕ್ಷಿಣ ಆಫ್ರಿಕದಲ್ಲಿಯೂ ದೊರೆತಿದ್ದುವು. ಅಟ್ಲಾಂಟಿಕ್ ಮಹಾಸಾಗರವನ್ನು ಈಜಿ ದಾಟುವ ಶಕ್ತಿ ಅದಕ್ಕಿರಲಿಲ್ಲ. ಗ್ಲಾಸಾಪ್ಟೆರಿಸ್ ಎಂಬ ಸಸ್ಯದ ಎಲೆಯಚ್ಚುಗಳು ಭಾರತ, ಆಫ್ರಿಕ, ಆಸ್ಟ್ರೇಲಿಯ, ದಕ್ಷಿಣ ಅಮೆರಿಕಗಳ ಕಲ್ಲುಗಳಲ್ಲಿ ಒಂದೇ ತೆರನಾಗಿ ಕಂಡಿದ್ದುವು. ಒಡಿಶಾದ ತಾಲ್ಚೇರ್ ಪ್ರದೇಶದಲ್ಲಿ, ಸುಡುಬಿಸಿಲಿನ ಆ ನಾಡಿನಲ್ಲಿ, ಹಿಮನದಿಯು ತಂದು ಸುರಿದ ಬಂಡೆಗಳಿರುವುದನ್ನು ೧೮೫೬ರಲ್ಲಿಯೇ ಭೂವಿಜ್ಞಾನಿಗಳು ಗುರುತಿಸಿದ್ದರು. ಮಧ್ಯಭಾರತದ ಗೊಂಡರ ನಾಡಿನಿಂದ ಬಂದ ‘ಗೊಂಡ್ವಾನ’ ಎಂಬ ಹೆಸರೇ ದಕ್ಷಿಣದ ಆ ಪ್ರಾಚೀನ ಮಹಾಖಂಡಕ್ಕೆ ಇಂದು ಜಗತ್ತಿನಾದ್ಯಂತ ಸಲ್ಲುತ್ತಿದೆ. ಭಾರತದಲ್ಲಿ ಹಿಮ ಹರಿದಿದ್ದರೆ ಒಂದೋ ಹಿಮವು ಉಷ್ಣವಲಯಕ್ಕೆ ಬಂದಿರಬೇಕು, ಇಲ್ಲವೇ ಭಾರತವೇ ಧ್ರುವದ ಬಳಿ ಇದ್ದಿರಬೇಕು. ವೆಗೆನರ್ ಎರಡನೆಯದನ್ನು ಎತ್ತಿಹಿಡಿದರು.

ಸಭೆಗಳು ಅವರನ್ನು ಒಪ್ಪಲಿಲ್ಲ. ಇಷ್ಟು ಭಾರವಾದ ಖಂಡವನ್ನು ಗಟ್ಟಿಯಾದ ಸಾಗರತಳದ ಮೂಲಕ ನೂಕುವ ಶಕ್ತಿ ಯಾವುದು ಎಂಬುದು ಮುಖ್ಯವಾದ ಪೂರ್ವಪಕ್ಷ. ವೆಗೆನರ್ ಭೂಭ್ರಮಣದಿಂದ ಹುಟ್ಟುವ ಬಲವನ್ನೂ ಸೂರ್ಯಚಂದ್ರರ ಆಕರ್ಷಣೆಯನ್ನೂ ಹೆಸರಿಸಿದರು. ಆ ಬಲಗಳು ಇಂಥ ಕಾರ್ಯಕ್ಕೆ ಏನೇನೂ ಸಾಲವೆಂದು ಕೇಂಬ್ರಿಜ್‌ನ ಹೆರಾಲ್ಡ್ ಜೆಫ್ರಿಸ್ ಗಣಿತದಿಂದ ತೋರಿಸಿದರು. ಗ್ರೀನ್‌ಲೆಂಡ್ ವರ್ಷಕ್ಕೆ ಹಲವು ಮೀಟರುಗಳಷ್ಟು ಸರಿಯುತ್ತಿದೆ ಎಂಬ ವೆಗೆನರ್ ಅವರ ಲೆಕ್ಕವೂ ತಪ್ಪಾಗಿತ್ತು. ೧೯೨೬ರಲ್ಲಿ ನ್ಯೂಯಾರ್ಕಿನಲ್ಲಿ ಈ ವಿಷಯಕ್ಕಾಗಿಯೇ ನಡೆದ ವಿಚಾರಗೋಷ್ಠಿಯಲ್ಲಿ ವಿರೋಧದ ದನಿಯೇ ಮೇಲಾಯಿತು. ೧೯೩೦ರ ನವೆಂಬರಿನಲ್ಲಿ, ಐವತ್ತು ವರ್ಷ ತುಂಬಿದ ಕೆಲವೇ ದಿನಗಳಲ್ಲಿ, ಗ್ರೀನ್‌ಲೆಂಡಿನ ಹಿಮದ ನಡುವಣ ಸಂಶೋಧನಾ ನೆಲೆಯಿಂದ ಮರಳುವ ದಾರಿಯಲ್ಲಿ ವೆಗೆನರ್ ತೀರಿಕೊಂಡರು. ತಮ್ಮ ಮಾತು ಗೆದ್ದುದನ್ನು ನೋಡುವ ಭಾಗ್ಯ ಅವರಿಗೆ ಇರಲಿಲ್ಲ.

ಇಲ್ಲಿ ನ್ಯಾಯವು ಯಾರ ಪಕ್ಷದಲ್ಲಿತ್ತು? ಜೆಫ್ರಿಸ್ ಎತ್ತಿದ ಆಕ್ಷೇಪವು ಸಾಧುವಾದುದೇ; ವೆಗೆನರ್ ಹೇಳಿದ ಬಲಗಳು ಖಂಡಗಳನ್ನು ಚಲಿಸಲಾರವು. ಆದರೆ ಕಾರಣವು ತಿಳಿಯದೆಂದ ಮಾತ್ರಕ್ಕೆ ಕಾರ್ಯವೇ ನಡೆದಿಲ್ಲ ಎನ್ನುವುದು ತರ್ಕದೋಷ. ತಾಲ್ಚೇರಿನ ಹಿಮಶಿಲೆಗಳಿಗೂ ಮೆಸೊಸಾರಸಿನ ಎಲುಬುಗಳಿಗೂ ಬೇರೊಂದು ತೃಪ್ತಿಕರ ಸಮಾಧಾನವನ್ನು ವಿರೋಧಿಗಳು ಕೊಡಬೇಕಾಗಿತ್ತು. ಕೆಲವರು ಸಾಗರದಲ್ಲಿ ಮುಳುಗಿಹೋದ ಭೂಸೇತುಗಳನ್ನು ಊಹಿಸಿದರು. ಆ ಸೇತುಗಳಿಗೆ ಪ್ರಮಾಣವಿರಲಿಲ್ಲ. ಹೀಗೆ ಒಂದು ದುರ್ಬಲವಾದ ವಿವರಣೆಯೊಡನೆ ಬಲವಾದ ಸಂಗತಿಗಳೂ ಸಭೆಯಿಂದ ಹೊರಗೆ ಬಿದ್ದುವು. ಸುಮಾರು ಮೂರು ದಶಕಗಳ ಕಾಲ ಅವು ಹೊರಗೇ ಉಳಿದುವು.

ಅವನ್ನು ಮತ್ತೆ ಒಳಕ್ಕೆ ಕರೆತಂದುದು ಸಾಗರತಳದ ಶೋಧನೆ. ಅಮೆರಿಕದ ಕೊಲಂಬಿಯ ವಿಶ್ವವಿದ್ಯಾಲಯದ ಸಂಶೋಧನಾಲಯದಲ್ಲಿ ಮೇರಿ ಥಾರ್ಪ್ ಮತ್ತು ಬ್ರೂಸ್ ಹೀಜನ್ ಜೊತೆಗೂಡಿ ಕೆಲಸ ಮಾಡುತ್ತಿದ್ದರು. ಹಡಗುಗಳು ಧ್ವನಿಯ ಮೂಲಕ ಅಳೆದು ತಂದ ಆಳಗಳನ್ನು ಥಾರ್ಪ್ ನಕ್ಷೆಗೆ ಇಳಿಸುತ್ತಿದ್ದರು. ಹೆಂಗಸರಿಗೆ ಆಗ ಆ ಹಡಗುಗಳನ್ನು ಏರಲು ಅವಕಾಶವಿರಲಿಲ್ಲ. ಅಟ್ಲಾಂಟಿಕ್ ಸಾಗರದ ನಡುವೆ ಉದ್ದಕ್ಕೂ ಹಬ್ಬಿದ ಪರ್ವತಶ್ರೇಣಿಯ ನೆತ್ತಿಯಲ್ಲಿ ಆಳವಾದ ಸೀಳುಕಣಿವೆಯೊಂದು ಇದೆಯೆಂದು ೧೯೫೨-೫೩ರ ಸುಮಾರಿಗೆ ಅವರು ಕಂಡುಕೊಂಡರು. ಖಂಡಚಲನೆಯ ವಾಸನೆ ಬಡಿಯುತ್ತದೆಂದು ಹೀಜನ್ ಮೊದಲು ಅದನ್ನು ಅಲ್ಲಗಳೆದರು. ಸಾಗರದ ಭೂಕಂಪಕೇಂದ್ರಗಳನ್ನು ಬೇರೊಂದು ನಕ್ಷೆಯಲ್ಲಿ ಗುರುತಿಸಿದಾಗ ಅವು ಅದೇ ಕಣಿವೆಯ ಮೇಲೆ ಸಾಲಾಗಿ ಬಿದ್ದುವು. ಆಮೇಲೆ ಅಲ್ಲಗಳೆಯಲು ದಾರಿಯಿರಲಿಲ್ಲ.

೧೯೫೭ರಲ್ಲಿ ಹೀಜನ್ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯಕ್ಕೆ ಬಂದು ಈ ಕಣಿವೆಯ ಕುರಿತು ಉಪನ್ಯಾಸ ಮಾಡಿದರು. ಭೂವಿಜ್ಞಾನವನ್ನೂ ಭೂಗೋಳವನ್ನೂ ಒಂದೇ ಪೀಠದಲ್ಲಿ ಬೋಧಿಸುತ್ತಿದ್ದ ಆರ್ನಾಲ್ಡ್ ಗಿಯೋ ಎಂಬ ಆಚಾರ್ಯರು ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ಈ ಶಾಸ್ತ್ರಗಳಿಗೆ ತಳಹದಿ ಹಾಕಿದ್ದರು. ೧೯೫೭ರಲ್ಲಿ ಆ ವಿಭಾಗದ ಮುಖ್ಯಸ್ಥರಾಗಿದ್ದವರು ಹ್ಯಾರಿ ಹೆಸ್. ಎರಡನೆಯ ಮಹಾಯುದ್ಧದಲ್ಲಿ ನೌಕಾಪಡೆಯ ಹಡಗೊಂದನ್ನು ನಡೆಸಿದ್ದ ಅವರು, ಯುದ್ಧದ ನಡುವೆಯೂ ಆಳ ಅಳೆಯುವ ಯಂತ್ರವನ್ನು ನಿಲ್ಲಿಸದೆ, ಕಡಲಿನಲ್ಲಿ ಮುಳುಗಿದ ಚಪ್ಪಟೆ ನೆತ್ತಿಯ ಬೆಟ್ಟಗಳನ್ನು ಕಂಡಿದ್ದರು. ಅವುಗಳಿಗೆ ಗಿಯೋ ಅವರ ಹೆಸರನ್ನೇ ಇಟ್ಟಿದ್ದರು. ಹೀಜನ್ ಅವರ ಮಾತು ಮುಗಿದೊಡನೆ ಹೆಸ್ ಎದ್ದುನಿಂತು, ಈ ತರುಣನು ಭೂವಿಜ್ಞಾನದ ಅಡಿಪಾಯವನ್ನೇ ಅಲುಗಿಸಿದನೆಂದು ಸಭೆಯಲ್ಲಿ ಸಾರಿದರು. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಹೀಜನ್ ತಮ್ಮ ನಕ್ಷೆಯಿಂದ ತೆಗೆದ ತೀರ್ಮಾನವು ಬೇರೆ. ಭೂಗೋಲವೇ ಹಿಗ್ಗುತ್ತಿದೆ ಎಂಬ ವಾದದತ್ತ ಅವರು ಒಲಿದರು, ಅದು ನಿಲ್ಲಲಿಲ್ಲ. ಹೇಳಿದವರ ತೀರ್ಮಾನ ತಪ್ಪಿದರೂ ಕೇಳಿದವರಲ್ಲಿ ಸರಿಯಾದ ಆಲೋಚನೆ ಮೊಳೆಯಬಹುದು. ಉಪನ್ಯಾಸದ ಮಹಿಮೆ ಇದು.

ಹೆಸ್ ಅವರ ಆಲೋಚನೆ ೧೯೬೨ರಲ್ಲಿ ಪ್ರಕಟವಾಯಿತು. ಸಾಗರಮಧ್ಯದ ಸೀಳಿನಲ್ಲಿ ಭೂಗರ್ಭದಿಂದ ಶಿಲಾದ್ರವವು ಮೇಲೆದ್ದು ಹೊಸ ಸಾಗರತಳವಾಗುತ್ತದೆ. ಹಳೆಯ ತಳವು ಎರಡು ಕಡೆಗೂ ಸರಿಯುತ್ತ ಹೋಗಿ, ಕಡೆಗೆ ಆಳವಾದ ಕಂದಕಗಳಲ್ಲಿ ಮತ್ತೆ ಭೂಗರ್ಭವನ್ನು ಸೇರುತ್ತದೆ. ಖಂಡಗಳು ಸಾಗರತಳವನ್ನು ಸೀಳಿಕೊಂಡು ಹೋಗಬೇಕಾಗಿಲ್ಲ. ಚಲಿಸುವ ತಳದೊಡನೆ ತಾವೂ ಸಾಗುತ್ತವೆ. ಜೆಫ್ರಿಸ್ ಎತ್ತಿದ ಪೂರ್ವಪಕ್ಷಕ್ಕೆ ಸುಮಾರು ನಾಲ್ವತ್ತು ವರ್ಷಗಳ ಬಳಿಕ ಇಂಥ ಸಮಾಧಾನ ದೊರೆಯಿತು. ಪ್ರಮಾಣವು ಇನ್ನೂ ಸಾಲದೆಂಬ ಅರಿವಿದ್ದ ಹೆಸ್, ತಮ್ಮ ಪ್ರಬಂಧವನ್ನು ಶಾಸ್ತ್ರವೆನ್ನದೆ ‘ಭೂಕಾವ್ಯ’ ಎಂಬರ್ಥದ ಮಾತಿನಿಂದ ಕರೆದರು. ಊಹೆಯನ್ನು ಊಹೆಯೆಂದೇ ಹೇಳುವ ಈ ಪ್ರಾಮಾಣಿಕತೆ ಸಾಹಿತ್ಯದ ವಿದ್ಯಾರ್ಥಿಗಳಿಗೂ ಮೆಚ್ಚಿಕೆಯಾಗತಕ್ಕದ್ದು.

ಆ ಭೂಕಾವ್ಯವನ್ನು ಪರೀಕ್ಷಿಸುವ ಸಾಧನ ಕಲ್ಲಿನೊಳಗೇ ಇತ್ತು. ಕಾದು ಕರಗಿದ ಬಸಾಲ್ಟ್ ಶಿಲೆಯು ಆರುವಾಗ ಅದರೊಳಗಿನ ಕಬ್ಬಿಣದ ಖನಿಜಗಳು ಆ ಕಾಲದ ಭೂಕಾಂತದ ದಿಕ್ಕನ್ನು ಅಚ್ಚೊತ್ತಿಕೊಳ್ಳುತ್ತವೆ. ಭೂಕಾಂತವಾದರೋ ಕಾಲಕಾಲಕ್ಕೆ ಉತ್ತರ ದಕ್ಷಿಣಗಳನ್ನು ಅದಲುಬದಲು ಮಾಡಿಕೊಂಡಿದೆ. ಕೊನೆಯ ಅದಲುಬದಲು ನಡೆದುದು ಸುಮಾರು ೭ ಲಕ್ಷ ೮೦ ಸಾವಿರ ವರ್ಷಗಳ ಹಿಂದೆ. ಹೆಸ್ ಹೇಳುವುದು ನಿಜವಾದರೆ ಸಾಗರಮಧ್ಯದ ಸೀಳಿನ ಎಡಬಲಗಳಲ್ಲಿ ನೇರ ಕಾಂತತೆಯ ಪಟ್ಟೆ, ತಿರುಗು ಕಾಂತತೆಯ ಪಟ್ಟೆ ಒಂದರ ಪಕ್ಕದಲ್ಲಿ ಒಂದು ಸಮವಾಗಿ ಇರಬೇಕು. ೧೯೬೨ರ ಆರಂಭದಲ್ಲಿ ಕೇಂಬ್ರಿಜ್‌ನಲ್ಲಿ ಹೆಸ್ ಮಾಡಿದ ಭಾಷಣವನ್ನು ಕೇಳಿದ್ದ ಫ್ರೆಡ್ ವೈನ್ ಎಂಬ ವಿದ್ಯಾರ್ಥಿಯೂ ಅವರ ಮಾರ್ಗದರ್ಶಕರಾದ ಡ್ರಮಂಡ್ ಮ್ಯಾಥ್ಯೂಸರೂ ೧೯೬೩ರಲ್ಲಿ ಈ ಸೂತ್ರವನ್ನು ಪ್ರಕಟಿಸಿದರು. ಕೆನಡದ ಲಾರೆನ್ಸ್ ಮಾರ್ಲಿ ಅದೇ ವರ್ಷ ಸ್ವತಂತ್ರವಾಗಿ ಇದೇ ಸೂತ್ರವನ್ನು ಬರೆದು ಎರಡು ಪತ್ರಿಕೆಗಳಿಗೆ ಕಳುಹಿಸಿದ್ದರು, ಎರಡೂ ತಿರಸ್ಕರಿಸಿದುವು. ಇಂಥ ಊಹೆ ಔತಣಕೂಟದ ಹರಟೆಗೆ ತಕ್ಕುದೇ ಹೊರತು ಗಂಭೀರ ಪತ್ರಿಕೆಗಲ್ಲ ಎಂಬುದು ಒಬ್ಬ ಪರಿಶೀಲಕರ ಅಭಿಪ್ರಾಯವಾಗಿತ್ತು! ೧೯೬೬ರಲ್ಲಿ ಶಾಂತಸಾಗರದ ದಕ್ಷಿಣ ಭಾಗದಲ್ಲಿ ‘ಎಲ್ಟಾನಿನ್’ ಹಡಗು ಅಳೆದು ತಂದ ಕಾಂತರೇಖೆಯು ಸೀಳಿನ ಎರಡು ಪಕ್ಕಗಳಲ್ಲಿಯೂ ಕನ್ನಡಿಯ ಬಿಂಬದಂತೆ ಸಮವಾಗಿದ್ದಿತು. ಕಾವ್ಯವು ಶಾಸ್ತ್ರವಾಯಿತು.

ಇನ್ನು ಉಳಿದುದು ಸಮಗ್ರವಾದ ನಿರೂಪಣೆ. ವೈನ್ ಆ ಹೊತ್ತಿಗೆ ಪ್ರಿನ್ಸ್‌ಟನ್ನಿಗೆ ಬಂದಿದ್ದರು. ಅವರ ಕೊಠಡಿಯಲ್ಲಿಯೇ ಜೇಸನ್ ಮಾರ್ಗನ್ ಎಂಬ ತರುಣ ವಿದ್ವಾಂಸರಿದ್ದರು. ೧೯೬೭ರ ಏಪ್ರಿಲಿನಲ್ಲಿ ವಾಷಿಂಗ್ಟನ್ನಿನ ಭೂಭೌತಶಾಸ್ತ್ರಜ್ಞರ ಸಮ್ಮೇಳನದಲ್ಲಿ ಮಾರ್ಗನ್ ಸಾಗರಕಂದಕವೊಂದನ್ನು ಕುರಿತು ಮಾತನಾಡುವರೆಂದು ಮೊದಲೇ ಅಚ್ಚಾಗಿತ್ತು. ಅವರು ಆ ವಿಷಯವನ್ನು ಬಿಟ್ಟು, ಭೂಮಿಯ ಹೊರಚಿಪ್ಪು ಕೆಲವೇ ಗಡುಸಾದ ಫಲಕಗಳಾಗಿ ಒಡೆದಿದೆ, ಆ ಫಲಕಗಳು ಗೋಲದ ಮೇಲೆ ರೇಖಾಗಣಿತದ ನಿಯಮದಂತೆ ಚಲಿಸುತ್ತವೆ ಎಂಬುದನ್ನು ವಿವರಿಸಿದರು. ಅಚ್ಚಾದ ಸಾರಾಂಶವನ್ನು ನಂಬಿದ್ದ ಅನೇಕರು ಆ ಉಪನ್ಯಾಸಕ್ಕೆ ಕುಳಿತಿರಲೇ ಇಲ್ಲ. ಇಂದು ಭೂಫಲಕ ಸಿದ್ಧಾಂತವೆಂದು ಶಾಲೆಯ ಮಕ್ಕಳೂ ಓದುವ ವಿಚಾರವನ್ನು ಆ ದಿನ ಕೇಳಿದವರು ಕೆಲವರೇ.

ಪಾಶ್ಚಾತ್ಯರ ಈ ವಾದದಲ್ಲಿ ಕನ್ನಡನಾಡಿನ ಕಲ್ಲುಗಳೂ ಸಾಕ್ಷಿ ನುಡಿಯುತ್ತವೆ. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಸೀಮೆಗಳ ಎರೆಭೂಮಿಯ ತಳದಲ್ಲಿ ಹಾಸಿರುವ ಕಪ್ಪುಶಿಲೆಯು ಸುಮಾರು ೬.೬ ಕೋಟಿ ವರ್ಷಗಳ ಹಿಂದೆ ಹರಿದ ದಖ್ಖನ್ ಲಾವಾ. ಕಾಂತಸೂಜಿಯು ಭೂಮಧ್ಯರೇಖೆಯಲ್ಲಿ ಮಟ್ಟಸವಾಗಿಯೂ ಧ್ರುವದಲ್ಲಿ ನೆಟ್ಟಗೂ ನಿಲ್ಲುವುದರಿಂದ, ಕಲ್ಲಿನೊಳಗೆ ಅಚ್ಚಾದ ಬಾಗನ್ನು ಅಳೆದರೆ ಆ ಕಲ್ಲು ಹುಟ್ಟಿದ ಅಕ್ಷಾಂಶವು ತಿಳಿಯುತ್ತದೆ. ೧೯೫೦ರ ದಶಕದಲ್ಲಿ ಇಂಗ್ಲೆಂಡಿನ ವಿದ್ವಾಂಸರು ದಖ್ಖನ್ ಶಿಲೆಗಳನ್ನು ಹೀಗೆ ಅಳೆದಾಗ, ಅವು ಭೂಮಧ್ಯರೇಖೆಯ ದಕ್ಷಿಣಕ್ಕೆ ಬಹುದೂರದಲ್ಲಿ ಹುಟ್ಟಿದುವೆಂದು ತೋರಿಬಂದಿತು. ಈ ಪರೀಕ್ಷೆಯನ್ನು ಮೊದಲಿಗೆ ಕೈಗೊಂಡವರಲ್ಲೊಬ್ಬರಾದ ಎಡ್ವರ್ಡ್ ಅರ್ವಿಂಗ್ ೧೯೫೪ರಲ್ಲಿ ಕೇಂಬ್ರಿಜ್‌ಗೆ ಒಪ್ಪಿಸಿದ ಡಾಕ್ಟರೇಟ್ ಪ್ರಬಂಧವನ್ನು ಪರೀಕ್ಷಕರು ಸ್ವೀಕರಿಸಲಿಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. ನಮ್ಮ ರೈತನು ಉಳುವ ಎರೆಹೊಲ ದಕ್ಷಿಣ ಗೋಲಾರ್ಧದಲ್ಲಿ ಹುಟ್ಟಿದ ಕಲ್ಲಿನ ಮೇಲೆ ಕುಳಿತಿದೆ.

ಮಲ್ಪೆಯ ಕಡಲಾಚೆಗೆ ಇರುವ ಸಂತ ಮೇರಿ ದ್ವೀಪಗಳು ಇನ್ನೊಂದು ಸಾಕ್ಷಿ. ಅಲ್ಲಿ ಆರಿದ ಲಾವಾರಸವು ಬಹುಕೋನಗಳ ಕಂಬಗಳಾಗಿ ಸಾಲುಗಟ್ಟಿ ನಿಂತಿದೆ. ಅದೇ ಕಾಲದ ಜ್ವಾಲಾಮುಖಿ ಶಿಲೆಗಳು ಮಡಗಾಸ್ಕರಿನಲ್ಲಿಯೂ ಇವೆ. ಭಾರತವೂ ಮಡಗಾಸ್ಕರವೂ ಒಂದನ್ನೊಂದು ಅಗಲುತ್ತಿದ್ದ ಹೊತ್ತಿನ ಗುರುತುಗಳೆಂದು ಇವನ್ನು ತಿಳಿಯಲಾಗಿದೆ. ಇದರ ವಯಸ್ಸು ೮.೫ ಕೋಟಿ ವರ್ಷವೆಂದು ಕೆಲವರು, ೯.೧ ಕೋಟಿ ಎಂದು ಕೆಲವರು ಅಳೆದಿದ್ದಾರೆ. ಇಂಥ ಅಂತರಗಳೇ ಉಪನ್ಯಾಸಗಳಿಗೆ ವಸ್ತು. ಅಗಲಿದ ಭಾರತವು ಉತ್ತರಕ್ಕೆ ಸಾಗಿ, ಸುಮಾರು ೫ ಕೋಟಿ ವರ್ಷಗಳ ಹಿಂದೆ ಏಷ್ಯವನ್ನು ಸಂಧಿಸಿತು. ಆ ಸಂಘಟ್ಟನೆಯ ಫಲವೇ ಹಿಮಾಲಯ. ಪಯಣವು ನಿಂತಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೯೦ರ ದಶಕದಲ್ಲಿ ನೆಲೆಗೊಳಿಸಿದ ಉಪಗ್ರಹಸಂಕೇತ ಗ್ರಾಹಕದ ಅಳತೆಗಳಂತೆ, ಆ ನೆಲವು ವರ್ಷಕ್ಕೆ ಸುಮಾರು ೫ ಸೆಂಟಿಮೀಟರಿನಷ್ಟು, ಎಂದರೆ ಮೂರು ಬೆರಳಗಲ, ಈಶಾನ್ಯಕ್ಕೆ ಸರಿಯುತ್ತಿದೆ. ವೆಗೆನರ್ ಅನುಮಾನದಿಂದ ಹೇಳಿದುದು ಇಂದು ಪ್ರತ್ಯಕ್ಷವಾಗಿದೆ.

ಇದೆಲ್ಲ ವಿದ್ವಾಂಸರ ವಿನೋದ, ಜನಜೀವನಕ್ಕೆ ಇದರಿಂದೇನು ಎಂದು ಕೇಳುವವರಿರಬಹುದು. ಅದಕ್ಕೆ ಉತ್ತರವು ದುಃಖಕರವಾದುದು. ದಕ್ಷಿಣದ ಪ್ರಸ್ಥಭೂಮಿಯು ಅತಿ ಪ್ರಾಚೀನವಾದ ಕಾರಣ ಅಲುಗದೆಂಬ ಭಾವನೆ ಬಹುಕಾಲ ಬಲವಾಗಿತ್ತು. ಮಾರ್ಗನ್ ಉಪನ್ಯಾಸ ಮಾಡಿದ ೧೯೬೭ರಲ್ಲಿಯೇ, ಡಿಸೆಂಬರ್ ೧೧ರಂದು, ಮಹಾರಾಷ್ಟ್ರದ ಕೊಯ್ನಾದಲ್ಲಿ ಭೂಮಿ ನಡುಗಿತು. ಅಣೆಕಟ್ಟಿನ ಜಲರಾಶಿಯೂ ಅದಕ್ಕೆ ಪ್ರಚೋದನೆಯಾಯಿತೆಂದು ಶಾಸ್ತ್ರಜ್ಞರು ನಿರ್ಣಯಿಸಿದರು. ೧೯೯೩ರ ಸೆಪ್ಟೆಂಬರ್ ೩೦ರ ಬೆಳಗಿನ ಜಾವ, ಗಣಪತಿಯನ್ನು ನೀರಿಗೆ ಬಿಟ್ಟು ಬಂದ ಜನ ಗಾಢನಿದ್ರೆಯಲ್ಲಿದ್ದಾಗ, ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಕಂಪವಾಯಿತು. ನಮ್ಮ ಬೀದರ್-ಕಲಬುರಗಿ ಸೀಮೆಯಲ್ಲಿಯೂ ನೆಲ ನಡುಗಿತು. ಸುಮಾರು ಹತ್ತು ಸಾವಿರ ಮಂದಿ ಪ್ರಾಣ ಕಳೆದುಕೊಂಡರು. ಕಂಪನದ ಪ್ರಮಾಣ ೬.೨ ಮಾತ್ರ, ಜನರನ್ನು ಹೆಚ್ಚಾಗಿ ಕೊಂದುದು ದಪ್ಪ ಕಲ್ಲುಮಣ್ಣಿನ ಗೋಡೆಗಳೂ ಮೇಲೆ ಹೇರಿದ ಮಣ್ಣಿನ ಮಾಳಿಗೆಗಳೂ. ಭಾರತದ ಭೂಕಂಪ ವಲಯಗಳ ನಕ್ಷೆಯಲ್ಲಿ ಆ ಪ್ರದೇಶವು ಆಗ ಅತ್ಯಂತ ಕಡಿಮೆ ಅಪಾಯದ ಮೊದಲನೆಯ ವಲಯದಲ್ಲಿತ್ತು. ೨೦೦೨ರ ಪರಿಷ್ಕರಣದಲ್ಲಿ ಮೊದಲನೆಯ ವಲಯವನ್ನೇ ಕೈಬಿಡಲಾಯಿತು. ಕಿಲ್ಲಾರಿಯ ಪ್ರದೇಶವನ್ನು ಮೂರನೆಯ ವಲಯಕ್ಕೆ ಸೇರಿಸಲಾಯಿತು. ಹಿಮಾಲಯದಲ್ಲಿ ಏಷ್ಯವನ್ನು ಒತ್ತುತ್ತಿರುವ ಭಾರತದ ಫಲಕವು ಆ ಒತ್ತಡವನ್ನು ತನ್ನ ಒಡಲಿನಲ್ಲಿಯೂ ತಾಳಿಕೊಂಡಿದೆ; ಎಲ್ಲಿ ಹಳೆಯ ಬಿರುಕಿದೆಯೋ ಅಲ್ಲಿ ಅದು ಸಡಿಲಬಹುದು. ‘ಸ್ಥಿರಾ’ ಎಂಬ ಹೆಸರನ್ನು ಕೋಶದಲ್ಲಿ ಓದಿ ಆನಂದಿಸುವುದು ಬೇರೆ, ಅದನ್ನು ನಂಬಿ ಮನೆ ಕಟ್ಟುವುದು ಬೇರೆ.

ಉಪನ್ಯಾಸ ಮಂದಿರಗಳಲ್ಲಿ ಇಂದೂ ತೀರದ ಪ್ರಶ್ನೆಗಳಿವೆ. ಫಲಕಗಳ ಈ ಚಲನೆ ಭೂಮಿಯ ಚರಿತ್ರೆಯಲ್ಲಿ ಆರಂಭವಾದುದು ಯಾವಾಗ ಎಂಬುದು ಅವುಗಳಲ್ಲಿ ಮುಖ್ಯವಾದುದು. ಸಾಗರತಳವು ಸದಾ ಹೊಸದಾಗುತ್ತಿರುವುದರಿಂದ ವಿಶಾಲ ಸಾಗರಗಳ ತಳದಲ್ಲಿ ೨೦ ಕೋಟಿ ವರ್ಷಗಳಿಗಿಂತ ಬಹಳ ಹಳೆಯ ಶಿಲೆ ಉಳಿದಿಲ್ಲ. ಉತ್ತರಕ್ಕಾಗಿ ಖಂಡಗಳ ಪುರಾತನ ಶಿಲೆಗಳನ್ನೇ ಕೇಳಬೇಕು. ಬೆಂಗಳೂರಿನ ಲಾಲ್‌ಬಾಗಿನ ಬಂಡೆಗೆ ಸುಮಾರು ೩೦೦ ಕೋಟಿ ವರ್ಷ ವಯಸ್ಸು. ರಾಬರ್ಟ್ ಬ್ರೂಸ್ ಫೂಟ್ ಹತ್ತೊಂಬತ್ತನೆಯ ಶತಮಾನದಲ್ಲಿ ಹೆಸರಿಸಿದ ‘ಧಾರವಾಡ’ ಶಿಲೆಗಳು ಈ ಜಿಜ್ಞಾಸೆಯಲ್ಲಿ ದೇಶವಿದೇಶಗಳ ವಿದ್ವಾಂಸರು ಪರೀಕ್ಷಿಸುವ ಶಿಲೆಗಳಾಗಿವೆ. ನಮ್ಮ ಊರಿನ ಹೆಸರೊಂದು ಪರದೇಶದ ಉಪನ್ಯಾಸದಲ್ಲಿ ಕೇಳಿಬರುವುದು ಹೆಮ್ಮೆಯ ಸಂಗತಿ; ಆ ಉಪನ್ಯಾಸವನ್ನು ಮಾಡುವವರು ಧಾರವಾಡದ ವಿದ್ಯಾರ್ಥಿಗಳೇ ಆದರೆ ಇನ್ನೂ ಹೆಮ್ಮೆ.

ಅಂಥ ವಿದ್ಯಾರ್ಥಿಗಳು ಈ ಚರಿತ್ರೆಯಿಂದ ಕಲಿಯಬೇಕಾದುದು ಒಂದುಂಟು. ಹೊಸ ಮಾತನ್ನು ಕೇಳಿದಾಗ ಸಂಗತಿಯನ್ನೂ ವಿವರಣೆಯನ್ನೂ ಬೇರೆ ಬೇರೆಯಾಗಿ ತೂಗಬೇಕು. ವಿವರಣೆ ದುರ್ಬಲವಾದರೆ ಅದನ್ನು ಪ್ರಶ್ನಿಸಬೇಕು. ಸಂಗತಿ ಬಲವಾಗಿದ್ದರೆ ಅದನ್ನು ಕಾಪಾಡಿಟ್ಟು ಇನ್ನೊಂದು ವಿವರಣೆಗೆ ಕಾಯಬೇಕು. ವೆಗೆನರ್ ಅವರನ್ನು ಖಂಡಿಸಿದವರು ಪ್ರಶ್ನೆ ಕೇಳಿದುದರಿಂದ ತಪ್ಪುಮಾಡಲಿಲ್ಲ. ಪ್ರಶ್ನೆಯನ್ನೇ ತೀರ್ಪೆಂದು ಭಾವಿಸಿ ಎದ್ದುಹೋದುದರಿಂದ ತಪ್ಪುಮಾಡಿದರು. ಅವರು ಎದ್ದುಹೋದ ಬಳಿಕವೂ ಅವರ ಕಾಲಕೆಳಗಿನ ನೆಲ ತನ್ನ ಪಾಡಿಗೆ ತಾನು ಸರಿಯುತ್ತಲೇ ಇದ್ದಿತು.